ಸೂರ್ಯಾಸ್ತದ ಕೆಳಗಿನ ಬೇಡಿ

ಆಂಗ್ಲ ಚಿತ್ರಕಾರ ಟರ್ನರನು 1840ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ ತೈಲಚಿತ್ರವೊಂದು ಈಗ ಅಮೆರಿಕದ ಬಾಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿದೆ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಕೆಂಪು ಹೊನ್ನು ಬೆರೆತ ಸೂರ್ಯಾಸ್ತ, ಉಕ್ಕುವ ಕಡಲು, ದೂರದಲ್ಲೊಂದು ಹಡಗು. ತುಸು ಹೊತ್ತು ನಿಂತು ನೋಡಿದರೆ ಮಾತ್ರ ಬಲಗಡೆಯ ಕೆಳಭಾಗದಲ್ಲಿ ನೀರಿನಿಂದ ಮೇಲೆದ್ದ ಮನುಷ್ಯನ ಕಾಲೊಂದು ಕಾಣುತ್ತದೆ. ಕಾಲಿಗೆ ಬೇಡಿ, ಸುತ್ತ ಮುತ್ತಿದ ಮೀನುಗಳು. ದಾಸವ್ಯಾಪಾರದ ಆ ಹಡಗು ಸತ್ತವರನ್ನೂ ಸಾಯುತ್ತಿರುವವರನ್ನೂ ಕಡಲಿಗೆಸೆದು ಮುಂದೆ ಸಾಗಿದೆ.

ಇದಕ್ಕೆ ಝಾಂಗ್ ಎಂಬ ಹಡಗಿನ ವೃತ್ತಾಂತವೇ ಪ್ರೇರಣೆಯೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. 1781ರಲ್ಲಿ ಆಫ್ರಿಕದಿಂದ ಜಮೈಕಾಕ್ಕೆ ಹೊರಟಿದ್ದ ಆ ಹಡಗಿನಿಂದ ಸುಮಾರು 130 ಮಂದಿಯನ್ನು ಜೀವಸಹಿತ ನೀರಿಗೆ ನೂಕಲಾಯಿತು. ರೋಗದಿಂದ ಸತ್ತರೆ ನಷ್ಟ ಒಡೆಯರದು. ಹಡಗನ್ನು ಉಳಿಸಲು ‘ಸರಕು’ ಎಸೆದರೆ ವಿಮೆಯವರು ತಲೆಗೆ 30 ಪೌಂಡು ತೆರಬೇಕು. ಕುಡಿಯುವ ನೀರು ಸಾಲದೆಂಬುದು ಒಡೆಯರು ಹೇಳಿದ ಕಾರಣ. 1783ರಲ್ಲಿ ಲಂಡನ್ನಿನ ಜ್ಯೂರಿಯು ಒಡೆಯರ ಪರವಾಗಿಯೇ ನಿರ್ಣಯಿಸಿತು. ಮುಖ್ಯ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡನು ಮರುವಿಚಾರಣೆಗೆ ಆಜ್ಞಾಪಿಸಿದ್ದು ನಿಜ. ಆದರೆ ಅಲ್ಲಿ ಚರ್ಚೆಗೆ ಬಂದುದು ವಿಮೆಯ ಹಣ. ಕೊಲೆಗಾಗಿ ಯಾರನ್ನೂ ವಿಚಾರಣೆಗೆ ಗುರಿಪಡಿಸಲಿಲ್ಲ.

ಇದು ಪರದೇಶದವರ ಪಾಪವೆಂದು ಶ್ರಾವಕರು ಬದಿಗಿಡುವಂತಿಲ್ಲ. ಪರಿಗ್ರಹ ಪರಿಮಾಣವ್ರತದ ವಿವರಣೆಯಲ್ಲಿ ಹೊಲ ಮನೆ, ಬೆಳ್ಳಿ ಬಂಗಾರಗಳ ಸಾಲಿನಲ್ಲಿಯೇ ದಾಸಿ ದಾಸರೂ ಎಣಿಕೆಯಾಗಿದ್ದಾರೆ. ಮಿತಿ ವಿಧಿಸಿದ್ದುಂಟು, ಸಾಲು ಮಾತ್ರ ಸ್ವತ್ತಿನದೇ.

ಹೀಗಿರುವಲ್ಲಿ, ಇಂಥ ಕೃತ್ಯದ ಚಿತ್ರವು ಇಷ್ಟು ಸುಂದರವಾಗಿರಬಹುದೇ? ನೋಡಿ ಆನಂದಪಡುವುದು ಅನುಮೋದನೆಯಾಗದೇ? ಕೃತ, ಕಾರಿತ, ಅನುಮೋದಿತಗಳ ಭೇದವನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಟರ್ನರನಾದರೂ ಶುದ್ಧಹಸ್ತನೇನಲ್ಲ. 1805ರಲ್ಲಿ, ದಾಸರ ದುಡಿಮೆಯಿಂದ ನಡೆಯುತ್ತಿದ್ದ ಜಮೈಕಾದ ಜಮೀನೊಂದರಲ್ಲಿ ಅವನು 100 ಪೌಂಡಿನ ಪಾಲು ಕೊಂಡಿದ್ದನು. ಹಣ ಹೂಡಿದ ಕೈಯೇ ಮೂವತ್ತೈದು ವರ್ಷಗಳ ಬಳಿಕ ಆ ಬೇಡಿಯನ್ನು ಬರೆಯಿತು.

ಸೌಂದರ್ಯವೇ ದೋಷವೆಂದು ಹೇಳಲಾಗದು. ಬಣ್ಣವು ಸೆಳೆಯದಿದ್ದರೆ ಆ ಕಾಲಿನವರೆಗೆ ದೃಷ್ಟಿ ಹೋಗುತ್ತಲೇ ಇರಲಿಲ್ಲ. ದೋಷವಿರುವುದು ಸೂರ್ಯಾಸ್ತದಲ್ಲಿಯೇ ನಿಂತುಬಿಡುವ ದೃಷ್ಟಿಯಲ್ಲಿ. ಮಹಾವಿಮರ್ಶಕ ರಸ್ಕಿನ್ನನು 1843ರ ತನ್ನ ಗ್ರಂಥದಲ್ಲಿ ಈ ಚಿತ್ರದ ಕಡಲನ್ನು ಮನಸಾರೆ ಕೊಂಡಾಡಿದನು; ಅದು ದಾಸರ ಹಡಗೆಂಬ ಸಂಗತಿಗೆ ಅಡಿಟಿಪ್ಪಣಿಯಲ್ಲಿ ಎಡೆಯಿತ್ತನು. ಮರುವರ್ಷ ತಂದೆಯು ಆ ಚಿತ್ರವನ್ನೇ ಅವನಿಗೆ ಉಡುಗೊರೆಯಾಗಿ ಕೊಟ್ಟನು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ಅವನ ಬಳಿಯಿದ್ದಿತು. ಕಡೆಗೆ ಅದರ ವಸ್ತುವನ್ನು ದಿನವೂ ನೋಡಿ ಸಹಿಸಲಾರದೆ ಅವನು ಅದನ್ನು ಮಾರಿದನು.