ಮೂಟೆಯೋ, ಲಾರಿಯೋ?

ಮನೆಯ ಮೇಲೆ ಇನ್ನೊಂದು ಮನೆ ಕಟ್ಟಬೇಕೆಂಬ ಆಸೆ ನಮಗೇನೂ ಇರಲಿಲ್ಲ. ಮಗನಿಗೆ ಮದುವೆಯಾಯಿತು, ಸೊಸೆಗೂ ಮೈಸೂರಿನಲ್ಲೇ ಕೆಲಸ ಸಿಕ್ಕಿತು, ಕುವೆಂಪುನಗರದ ನಮ್ಮ ಪುಟ್ಟ ಮನೆ ಇದ್ದಕ್ಕಿದ್ದಂತೆ ಇನ್ನಷ್ಟು ಪುಟ್ಟದಾಯಿತು. ಪಾಯ ತಡೆಯುತ್ತದೆ ಎಂದು ಇಂಜಿನಿಯರು ನೋಡಿ ಹೇಳಿದ ಮೇಲೆ 900 ಚದರಡಿಯ ಮಹಡಿ ಮನೆಗೆ ಕೈಹಾಕಿದೆವು. ಗೋಡೆ ಎದ್ದಿತು, ಸೆಂಟ್ರಿಂಗ್ ಹಲಗೆ ಕೂತಿತು, ಕಬ್ಬಿಣ ಕಟ್ಟಿದ್ದಾಯಿತು. ತಾರಸಿ ಹಾಕುವ ದಿನ ಹತ್ತಿರ ಬಂದಾಗ ಒಂದು ಪ್ರಶ್ನೆ ಎದ್ದಿತು. ಸಿಮೆಂಟು ಮೂಟೆ ತರಿಸಿ ಮನೆ ಮುಂದೆಯೇ ಕಲಸುವುದೋ, ಅಥವಾ ಕಲಸಿ ತಯಾರಾದ ಕಾಂಕ್ರೀಟನ್ನು ಲಾರಿಯಲ್ಲಿ ತರಿಸುವುದೋ?

ಇದೇನು ದೊಡ್ಡ ಪ್ರಶ್ನೆ ಎಂದು ನೀವು ನಗಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ದರ ಕೇಳುವುದು, ಕೂಡಿ ಕಳೆಯುವುದು, ಯಾವುದು ಕಡಿಮೆಯೋ ಅದು. ಆದರೆ ಆ ಪ್ರಶ್ನೆ ನನ್ನನ್ನು ಮೂರು ರಾತ್ರಿ ನಿದ್ದೆಗೆಡಿಸಿತು.

ಇಂಜಿನಿಯರು ಮಗನ ವಯಸ್ಸಿನ ಹುಡುಗ. "ಆಂಟಿ, ಸುಮ್ಮನೆ ರೆಡಿಮಿಕ್ಸ್ ಹಾಕಿಸಿಬಿಡಿ. ಮಧ್ಯಾಹ್ನದೊಳಗೆ ಮುಗಿಯುತ್ತೆ" ಎಂದ. ಮೇಸ್ತ್ರಿಗೆ ಅದು ಹಿಡಿಸಲಿಲ್ಲ. "ಅಮ್ಮಾವ್ರೇ, ಲಾರೀಲಿ ಬರೋದು ಹೋಟ್ಲು ಊಟ ಇದ್ದಂಗೆ. ಒಳಗೆ ಏನು ಹಾಕವ್ರೋ ಯಾರು ಕಂಡವ್ರೆ? ನಿಮ್ಮ ಕಣ್ಣೆದುರಿಗೇ ಮೂಟೆ ಬಿಚ್ತೀನಿ, ನೀವೇ ಎಣಿಸ್ಕಳಿ" ಎಂದರು. ನನಗೆ ಮೇಸ್ತ್ರಿಯ ಮಾತೇ ಸರಿಯೆನಿಸಿತು. ಅಂಗಡಿಯ ದೋಸೆ ಹಿಟ್ಟಿನ ಪೊಟ್ಟಣ ನಮ್ಮ ಬೀದಿಗೆ ಬಂದು ಎಷ್ಟೋ ವರ್ಷವಾದರೂ ಮನೆಯಲ್ಲಿ ರುಬ್ಬಿದ್ದೇ ಹಿಟ್ಟು ಎನ್ನುವ ಜಾತಿಯವಳು ನಾನು. ಅಕ್ಕಿ ತೊಳೆದದ್ದು ನಾನು, ಉದ್ದು ನೆನೆಹಾಕಿದ್ದು ನಾನು, ಆದ್ದರಿಂದ ನಂಬಿಕೆ.

ಲೆಕ್ಕ ಹಾಕಲು ಕೂತೆ. ಐದಂಗುಲದ ತಾರಸಿ, ತೊಲೆಗಳೂ ಸೇರಿ ಸುಮಾರು 12 ಘನ ಮೀಟರ್ ಕಾಂಕ್ರೀಟು. ಮನೆ ಮುಂದೆ ಕಲಸಿದರೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಘನ ಮೀಟರಿಗೆ 50 ಕಿಲೋದ ಎಂಟು ಮೂಟೆಯಂತೆ ಹಿಡಿದರೂ ನೂರರ ಹತ್ತಿರ ಮೂಟೆ. ಒಂದೊಂದು ಮೂಟೆಗೂ 25 ಲೀಟರಿನ ಆಸುಪಾಸು ನೀರು. ನೀರು ಹೆಚ್ಚಿದರೆ ಕಲಸುವವರಿಗೆ, ಸುರಿಯುವವರಿಗೆ ಸುಲಭ. ಆದರೆ ಆ ಹೆಚ್ಚಿನ ನೀರು ಆರಿಹೋದ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿದು ಬಲ ಕುಗ್ಗುತ್ತದೆ. ಲಾರಿಯದಾದರೆ ಸಿಮೆಂಟು, ಮರಳು, ಜಲ್ಲಿ ಎಲ್ಲವನ್ನೂ ಯಂತ್ರ ತೂಗಿ ಹಾಕುತ್ತದೆ, ಮರಳಿನ ತೇವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ತುಂಬಿಸಿದ ಗಂಟೆಯನ್ನು ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ನೀರು ಬೆರೆತ ಎರಡು ಗಂಟೆಯೊಳಗೆ ಸುರಿದುಬಿಡಬೇಕೆಂಬುದು ನಿಯಮ. ಒಂದು ಲಾರಿಗೆ 6 ಘನ ಮೀಟರ್, ನಮಗೆ ಎರಡು ಲಾರಿ ಸಾಕು. ಒಂದು ಮೆಟ್ಟಿಲಿಗೋ, ಸಂಪಿನ ಮುಚ್ಚಳಕ್ಕೋ ಲಾರಿ ಕರೆಯುವಂತಿಲ್ಲ, ಅಲ್ಲಿ ಮೂಟೆಯೇ ಗತಿ. ತಾರಸಿಯ ಮಟ್ಟಿಗೆ ಮಾತ್ರ ಎರಡು ದಾರಿಯೂ ಇತ್ತು. ದುಡ್ಡಿನಲ್ಲಿ ಅಂಥ ವ್ಯತ್ಯಾಸವೂ ಕಾಣಲಿಲ್ಲ.

ಹಾಗಾದರೆ ಕಣ್ಣೆದುರಿಗೆ ಕಲಸಿದ್ದೇ ಆಗಲಿ ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಸಂಗತಿ ನೆನಪಾಯಿತು. ಅದನ್ನು ಇದುವರೆಗೆ ನಮ್ಮ ಯಜಮಾನರಿಗೂ ಪೂರ್ತಿ ಹೇಳಿಲ್ಲ. ಇಲ್ಲಿ ಬರೆದುಬಿಡುತ್ತೇನೆ.

2001ರಲ್ಲಿ ನಮ್ಮ ಹಿತ್ತಿಲಲ್ಲಿ ಬಾಡಿಗೆಗೆಂದು ಎರಡು ಕೋಣೆಯ ಔಟ್‌ಹೌಸ್ ಕಟ್ಟಿಸಿದೆವು. ಸಿಮೆಂಟಿನ ಬೆಲೆ ಏರುತ್ತದೆಂಬ ಸುದ್ದಿ ಕೇಳಿ ಮೊದಲೇ ಮೂಟೆಗಳನ್ನು ತರಿಸಿ ಶೆಡ್ಡಿನಲ್ಲಿ ಗೋಡೆಗೆ ಒತ್ತಿ ಪೇರಿಸಿಟ್ಟಿದ್ದೆ. ನಡುವೆ ದುಡ್ಡು ಸಾಲದೆ ಕೆಲಸ ನಿಂತಿತು, ಮಳೆಗಾಲ ಬಂತು. ನಾಲ್ಕು ತಿಂಗಳ ಮೇಲೆ ನೋಡಿದರೆ ಕೆಳಗಿನ ಆರು ಮೂಟೆ ಗಂಟುಗಟ್ಟಿದ್ದವು. ಗಾಳಿಯ ತೇವವೇ ಸಾಕು ಸಿಮೆಂಟು ಕೆಡಲು; ಮೂರು ತಿಂಗಳು ದಾಟಿದರೆ ಪರೀಕ್ಷಿಸದೆ ಬಳಸಬಾರದೆಂದು ಈಗ ಬಲ್ಲೆ. ಆಗಿನ ಮೇಸ್ತ್ರಿ ವಯಸ್ಸಾದವರು. "ಇದು ಬೇಡಿ ತಾಯಿ, ಸತ್ತೋಗದೆ" ಎಂದರು. ಆಗಿನ ನನ್ನ ಸಂಬಳಕ್ಕೆ ಆರು ಮೂಟೆ ಸಣ್ಣ ಮಾತಾಗಿರಲಿಲ್ಲ. "ಜರಡಿ ಹಿಡಿದು ಹಾಕಿ, ಏನೂ ಆಗೋಲ್ಲ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ನೀವು ಹೇಳಿದ್ರೆ ಹಾಕ್ತೀನಿ" ಎಂದರು. ಅದು ಹಿಂದಿನ ಸಜ್ಜಾಕ್ಕೆ ಹೋಯಿತು.

ಹನ್ನೆರಡು ವರ್ಷದ ಮೇಲೆ, 2013ರಲ್ಲಿ, ಒಂದು ಬೆಳಿಗ್ಗೆ ಆ ಸಜ್ಜಾದ ಅಂಚು ಕಳಚಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಬಾಡಿಗೆಗಿದ್ದ ಹೆಣ್ಣುಮಗಳು ಬಕೆಟ್ಟು ಎತ್ತಿಕೊಂಡು ಒಣಹಾಕಲು ಆಗತಾನೆ ಎದ್ದುಹೋಗಿದ್ದಳಂತೆ. ನಾನು ಓಡಿಹೋದಾಗ ಅವಳು ನಡುಗುತ್ತಿದ್ದಳು. "ದೇವರು ಕಾಪಾಡಿದ ಆಂಟಿ" ಎಂದಳು. ನಾನು, "ಹೌದಮ್ಮಾ, ದೇವರು ದೊಡ್ಡವನು" ಎಂದೆ.

ಆ ನನ್ನ ಮಾತನ್ನು ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ. ಸಜ್ಜಾ ಬೀಳಲು ಬೇರೆ ಕಾರಣಗಳೂ ಇರಬಹುದು. ಕಂಬಿಯ ಮೇಲಿನ ಕಾಂಕ್ರೀಟು ತೆಳುವಾಗಿದ್ದರೆ ನೀರು ಇಳಿದು ಕಂಬಿ ತುಕ್ಕು ಹಿಡಿದು ಉಬ್ಬಿ ಹೀಗಾಗುವುದುಂಟು. ನನ್ನ ಆರು ಮೂಟೆಯೇ ಕಾರಣವೆಂದು ಯಾರೂ ಹೇಳಲಾರರು, ಅಲ್ಲವೆಂದೂ ಹೇಳಲಾರರು. ರಿಪೇರಿ ಮಾಡಿಸಿದೆ. ಅವಳಿಗೆ ನಿಜ ಹೇಳಲಿಲ್ಲ. ಬಾಡಿಗೆಯಲ್ಲಿ ಒಂದು ರೂಪಾಯಿ ಬಿಡಲಿಲ್ಲ.

ಈಗ ಹೇಳಿ, ಕಣ್ಣೆದುರಿಗೆ ಕಲಸಿದ್ದೇ ನಂಬಿಕೆ ಎಂಬ ಮಾತಿಗೆ ಏನು ಬೆಲೆ? ಅಂದು ಕಲಸಿದ್ದು ನನ್ನ ಕಣ್ಣೆದುರಿಗೇ. ನೋಡುತ್ತಿದ್ದ ಕಣ್ಣು ನನ್ನದೇ, ಕೆಟ್ಟದ್ದನ್ನು ಹಾಕಿಸಿದ ಬಾಯಿಯೂ ನನ್ನದೇ. ಮನೆಯವರು ಕಾವಲಿದ್ದರೆ ಮೋಸ ನಡೆಯುವುದಿಲ್ಲ ಎನ್ನುವಾಗ, ಮೋಸ ಯಾವಾಗಲೂ ಕೂಲಿಯವರ ಕಡೆಯಿಂದಲೇ ಬರುತ್ತದೆ ಎಂದು ನಾವು ಎಷ್ಟು ಸಲೀಸಾಗಿ ಅಂದುಕೊಂಡುಬಿಡುತ್ತೇವೆ!

ನಮ್ಮ ಶಾಲೆಯಿಂದ ಮಕ್ಕಳನ್ನು ಕನ್ನಂಬಾಡಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೇನೆ. 1911ರಲ್ಲಿ ಶುರುವಾಗಿ ಮುಗಿಯಲು ಇಪ್ಪತ್ತು ವರ್ಷ ಹಿಡಿದ ಅಣೆಕಟ್ಟು ಅದು. ಅದರ ಕಲ್ಲುಗಳನ್ನು ಹಿಡಿದಿರುವುದು ಸಿಮೆಂಟಲ್ಲ, ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ ಸೇರಿದ ಸುರ್ಕಿ ಗಾರೆ. ಅದನ್ನು ಅರೆದವರನ್ನು, ಹೊತ್ತವರನ್ನು ನಾವ್ಯಾರೂ ಕಂಡಿಲ್ಲ. ಆದರೂ ಅದರ ಕೆಳಗಿನ ಬೃಂದಾವನದಲ್ಲಿ ಮಕ್ಕಳನ್ನು ಕೂರಿಸಿ ಪುಳಿಯೋಗರೆ ಬಡಿಸುತ್ತೇವೆ. ಇತ್ತ ದಿನಾ ಸಾವಿರಾರು ಜನ ಕಣ್ಣಾರೆ ನೋಡುತ್ತಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಪ್ರಾಣಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿತ್ತು. ಕಣ್ಣೆದುರಿಗೆ ಇದ್ದದ್ದೆಲ್ಲ ಭದ್ರ ಎಂದೇನೂ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೀಗೆ ನನ್ನ ಮನಸ್ಸು ಲಾರಿಯ ಕಡೆ ವಾಲಿತು. ಆಗ ಎರಡನೆಯ ತೊಡಕು ಬಂತು.

ನಮ್ಮ ಕೆಲಸಕ್ಕೆ ಬರುತ್ತಿದ್ದ ಹೆಣ್ಣಾಳುಗಳಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಮೊದಲ ದಿನವೇ "ಮಿಸ್, ನೀವಾ?" ಎಂದು ತಲೆಯ ಮೇಲಿನ ಸಿಂಬೆ ತೆಗೆದು ನಕ್ಕಿದ್ದಳು. ಮಿಲ್ಲರಿನಲ್ಲಿ ಕಲಸಿ ತಾರಸಿ ಹಾಕುವುದಾದರೆ ಹನ್ನೆರಡು ಹದಿನೈದು ಆಳಿಗೆ ಒಂದು ದಿನದ ಕೂಲಿ. ಲಾರಿ ಬಂದರೆ ನಾಲ್ಕೈದು ಗಂಡಸರು ಸಾಕು, ಹೆಂಗಸರಿಗೆ ಕೆಲಸವೇ ಇಲ್ಲ. ನನ್ನ ಹಳೆಯ ಪಾಪ ತೊಳೆದುಕೊಳ್ಳಲು ಇವಳ ಕೂಲಿ ಕಿತ್ತುಕೊಳ್ಳುವುದೇ?

ಅದರ ಇನ್ನೊಂದು ಮುಖವೂ ಇತ್ತು. 12 ಘನ ಮೀಟರ್ ಕಾಂಕ್ರೀಟಿನ ತೂಕ 28 ಟನ್ನಿಗೂ ಮೇಲೆ. ಒಂದು ಬಾಂಡ್ಲಿಗೆ 15 ಕಿಲೋ ಎಂದರೂ ಸಾವಿರದ ಒಂಬೈನೂರು ಬಾಂಡ್ಲಿ. ಅಷ್ಟೂ ತಲೆಯಿಂದ ತಲೆಗೆ, ಕೈಯಿಂದ ಕೈಗೆ ಏರಬೇಕು. ಅದನ್ನು ಕೂಲಿ ಕೊಡುತ್ತಿದ್ದೇನೆಂಬ ಹೆಮ್ಮೆಯಿಂದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ನೋಡುವವಳು ನಾನು.

ನನಗೆ ತಡೆಯಲಾಗದೆ ಅವಳನ್ನೇ ಕೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: "ಲಾರಿ ಬಂದ್ರೆ ಒಳ್ಳೇದೇ ಕಣ್ ಮಿಸ್, ಕತ್ತು ಉಳೀತದೆ. ಕೂಲಿ ಹೋಯ್ತದೆ. ಎರಡೂ ನಿಜವೇ. ನೀವು ನಮ್ಗೋಸ್ಕರ ಅಂತ ಏನೂ ಮಾಡ್ಬೇಡಿ. ನಾಳೆ ಪಕ್ಕದ ಬೀದಿಯವ್ರು ಕೇಳ್ತಾರಾ ನಮ್ಮನ್ನ?" ಸ್ವಲ್ಪ ತಡೆದು, "ಬೇಕಾದ್ರೆ ಕೂಲಿ ಸರಿಯಾಗಿ ಕೊಡ್ಸಿ" ಎಂದಳು.

ಮೇಸ್ತ್ರಿಯ ಪುಸ್ತಕ ತರಿಸಿ ನೋಡಿದೆ. ಗಂಡಾಳಿಗೆ 900, ಹೆಣ್ಣಾಳಿಗೆ 600. ಅಷ್ಟು ದಿನ ದುಡ್ಡು ಕೊಡುತ್ತಿದ್ದವಳು ನಾನೇ, ಒಟ್ಟು ಮೊತ್ತ ನೋಡಿದ್ದೆನೇ ಹೊರತು ಒಳಗಿನ ಲೆಕ್ಕ ನೋಡಿರಲಿಲ್ಲ. ಸಮಾಜ ವಿಜ್ಞಾನ ಪಾಠ ಮಾಡುವವಳು ನಾನು. ಸಂವಿಧಾನದ 39ನೇ ವಿಧಿ, ಸಮಾನ ಕೆಲಸಕ್ಕೆ ಸಮಾನ ವೇತನ, 1976ರ ಕಾಯಿದೆ, ಇವನ್ನೆಲ್ಲ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ಅದನ್ನು ಹೇಳಿದಾಗ ಅವಳು ನಕ್ಕು, "ಆ ಪ್ರಶ್ನೆ ನಮ್ಗೆ ಪರೀಕ್ಷೆಗೆ ಬಂದಿತ್ತು ಮಿಸ್, ಬರ್ದಿದ್ದೆ" ಎಂದಳು.

ಕೊನೆಗೆ ಲಾರಿಯನ್ನೇ ತರಿಸಿದೆವು. ಆ ದಿನದ ಒಂದು ಸಂಗತಿ ಹೇಳಲೇಬೇಕು. ಪೂಜೆ ಮಾಡಿ ಕಾಯಿ ಒಡೆದದ್ದಾಯಿತು. ಮೊದಲನೆಯ ಲಾರಿ ಬಂತು, ಚೀಟಿಯಲ್ಲಿನ ಗಂಟೆ ನೋಡಿದೆ, ಸರಿಯಾಗಿತ್ತು. ಕೆಲಸ ಸರಾಗ ಸಾಗಿತು. ಎರಡನೆಯದು ಬಂದಾಗ ಬಿಸಿಲೇರಿತ್ತು, ಕಾಂಕ್ರೀಟು ಸ್ವಲ್ಪ ಬಿಗಿಯಾಗಿತ್ತು, ಪೈಪಿನಲ್ಲಿ ತಡವರಿಸಿತು. "ಅಮ್ಮಾವ್ರೇ, ನಾಲ್ಕು ಬಿಂದಿಗೆ ನೀರು ಬಿಟ್ರೆ ಹಾಲಿನಂಗೆ ಹರೀತದೆ" ಎಂದರು ಮೇಸ್ತ್ರಿ. ಡ್ರೈವರೂ ಒಪ್ಪಿ ನಲ್ಲಿಯ ಪೈಪಿಗೆ ಕೈಹಾಕಿದ. ಎಲ್ಲರೂ ನನ್ನ ಕಡೆ ನೋಡಿದರು. ಇಂಜಿನಿಯರು ಫೋನಿಗೆ ಸಿಗಲಿಲ್ಲ, ನಮ್ಮ ಯಜಮಾನರು ತಿಂಡಿ ತರಲು ಹೋಗಿದ್ದರು.

ಅದೇ ಗಳಿಗೆ ಮತ್ತೆ ಬಂದಂತಾಯಿತು. ಲಾರಿ ತರಿಸಿದರೆ ಜವಾಬ್ದಾರಿ ಯಂತ್ರಕ್ಕೆ ಸೇರುತ್ತದೆ ಎಂದುಕೊಂಡಿದ್ದೆ. ಅದು ನಮ್ಮ ಗೇಟಿನ ತನಕ ಬಂದು ಮತ್ತೆ ನನ್ನ ಕೈಗೇ ಬಿತ್ತು. "ಬೇಡ, ನೀರು ಹಾಕಬೇಡಿ. ತಡವಾದರೆ ಆಗಲಿ" ಎಂದೆ. ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಡ್ರೈವರು ಗೊಣಗಿದ. ಪ್ಲಾಂಟಿಗೆ ಫೋನು ಮಾಡಿದರು, ಅಲ್ಲಿಂದಲೂ ನೀರು ಬೇಡವೆಂದೇ ಹೇಳಿದರು. ಡ್ರಮ್ಮನ್ನು ಒಂದಿಷ್ಟು ಹೊತ್ತು ಜೋರಾಗಿ ತಿರುಗಿಸಿ, ಪೈಪು ಬಡಿದು ಸರಿಮಾಡಿ, ಎರಡು ಗಂಟೆ ತುಂಬುವ ಮೊದಲೇ ಹೇಗೋ ಸುರಿದು ಮುಗಿಸಿದರು.

ಮಾರನೆಯ ದಿನದಿಂದ ನೀರುಣಿಸುವ ಕೆಲಸ. ತಾರಸಿಯ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಬೇಕು. ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ. ನಾವು 14 ದಿನ ಮಾಡಿಸಿದೆವು. ಸಾಮಾನ್ಯವಾಗಿ ಮನೆಯವರೇ ಬೆಳಿಗ್ಗೆ ಸಂಜೆ ಪೈಪು ಹಿಡಿದು ಮುಗಿಸುವ ಕೆಲಸ ಅದು, ಅರ್ಧಕ್ಕೇ ಮರೆಯುವುದೂ ಉಂಟು. ಆ ಕೆಲಸಕ್ಕೂ, ಮೆಟ್ಟಿಲು, ಸಜ್ಜಾಗಳ ಮೂಟೆ ಸಿಮೆಂಟಿನ ಕೆಲಸಕ್ಕೂ ಅವಳನ್ನೂ ಅವಳ ಜೊತೆಯವಳನ್ನೂ ಉಳಿಸಿಕೊಂಡೆವು. ಹೊಸದಾಗಿ ಹಾಕುವ ಸಜ್ಜಾದ ಮೂಟೆಗಳನ್ನು ನಾನೇ ಬಿಚ್ಚಿ, ವಾರ, ವರ್ಷ ಓದಿ ಕೊಟ್ಟೆ. ಕೂಲಿ ಎಲ್ಲರಿಗೂ ಒಂದೇ. ಮೇಸ್ತ್ರಿ ಎರಡು ದಿನ ಮುಖ ಊದಿಸಿಕೊಂಡಿದ್ದರು. "ನೀವು ರೇಟು ಕೆಡಿಸ್ತೀರಿ" ಎಂದರು. ಇದರಿಂದ ಲೋಕ ಸರಿಹೋಯಿತೆಂಬ ಭ್ರಮೆ ನನಗಿಲ್ಲ. ಪಕ್ಕದ ಬೀದಿಯಲ್ಲಿ ಅವಳಿಗೆ ಈಗಲೂ 600 ರೂಪಾಯಿಯೇ.

ಲಾರಿಯಿಂದ ತೆಗೆದು 15 ಸೆಂಟಿಮೀಟರಿನ ಅಚ್ಚುಗಳಲ್ಲಿ ತುಂಬಿಸಿದ್ದ ತುಂಡುಗಳನ್ನು 28ನೇ ದಿನ ಪರೀಕ್ಷೆಗೆ ಕಳಿಸಿದರು. ಯಂತ್ರದಲ್ಲಿಟ್ಟು ಒಡೆಯುವವರೆಗೂ ಒತ್ತುತ್ತಾರೆ. ಬಲ ಸಾಕಷ್ಟಿದೆ ಎಂದು ಕಾಗದ ಬಂತು. ಸಮಾಧಾನವಾಯಿತು. ಆದರೆ ಪರೀಕ್ಷೆಗೆ ಒಳಗಾಗಿ ಪುಡಿಯಾದದ್ದು ಆ ತುಂಡು, ನಮ್ಮ ತಲೆಯ ಮೇಲಿರುವುದು ಅದರ ಒಡಹುಟ್ಟು. ಇದರ ಬಲವನ್ನು ಯಾರೂ ಒಡೆದು ನೋಡಿಲ್ಲ, ನೋಡುವುದೂ ಬೇಡ. ಅಷ್ಟನ್ನು ನಂಬಲೇಬೇಕು. ನಂಬಿಕೆಗೆ ತಕ್ಕಂತೆ ನಮ್ಮ ಕೈಲಾದದ್ದನ್ನು ಮಾಡಿದ್ದೇವೆಯೇ ಎಂಬುದಷ್ಟೇ ನಮ್ಮ ಲೆಕ್ಕ.

ಔಟ್‌ಹೌಸಿನ ಆ ಬಾಡಿಗೆಯವಳು ಈಗ ಹೆಬ್ಬಾಳದ ಕಡೆ ಸ್ವಂತ ಮನೆ ಮಾಡಿಕೊಂಡಿದ್ದಾಳೆ. ಗೃಹಪ್ರವೇಶಕ್ಕೆ ಕರೆದಿದ್ದೇನೆ. ಬಂದಾಗ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಆ ಒಗೆಯುವ ಕಲ್ಲಿನ ಹತ್ತಿರ ನಿಂತು, ಆರು ಮೂಟೆಯ ಕಥೆ ಹೇಳಬೇಕೆಂದಿದ್ದೇನೆ.