ಗುಡಿಸುವ ಸರದಿ

ತತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ ತನ್ನೂರು ಕೋನಿಗ್ಸ್‌ಬರ್ಗಿನ ಆಸುಪಾಸು ಬಿಟ್ಟು ದೂರ ಹೋದವನಲ್ಲ. ಆದರೂ 1756ರಿಂದ ಸುಮಾರು 40 ವರ್ಷ ವಿದ್ಯಾರ್ಥಿಗಳಿಗೆ ಜಗತ್ತಿನ ಭೂಗೋಳ ಪಾಠ ಮಾಡಿದ. ಅವನದು ಬಂದರು ಪಟ್ಟಣ. ಹಡಗು, ವ್ಯಾಪಾರಿ, ಪ್ರವಾಸಕಥನ ಎಲ್ಲ ಬಾಗಿಲಿಗೇ ಬರುತ್ತಿದ್ದವು. ಇಂಥ ಕಡೆ ಕೂತಲ್ಲೇ ಲೋಕವನ್ನೂ ಮನುಷ್ಯರನ್ನೂ ಅರಿಯಬಹುದೆಂದು ಬರೆದೂ ಇಟ್ಟ. ಈಗ ಫೋನಿರುವ ಮನೆಯೆಲ್ಲ ಬಂದರೇ. ಹಾಗಿರುವಾಗ ಬೇಸಿಗೆಯ ಒಂದು ಕೋರ್ಸಿಗೆಂದು ಸಾಲ ಮಾಡಿ ಮಕ್ಕಳನ್ನು ವಿದೇಶಕ್ಕೆ ಕಳಿಸುವುದು ಏತಕ್ಕೆ?

ನನ್ನ ಅಕ್ಕನ ಮಗಳು ಹೋದದ್ದು ಜರ್ಮನಿಯ ಟ್ಯೂಬಿಂಗೆನ್‌ಗೆ, ಭಾಷೆ ಕಲಿಯಲು. ನೆಕ್ಕರ್ ನದಿ, ಉದ್ದನೆಯ ಗಳು ಊರಿ ನಡೆಸುವ ದೋಣಿಗಳು, ಕವಿ ಹೋಲ್ಡರ್ಲಿನ್ ಚಿತ್ತ ಕದಡಿ ತನ್ನ ಕೊನೆಯ 36 ವರ್ಷ ಕಳೆದ ಗೋಪುರ, ಎಲ್ಲದರ ಫೋಟೋ ಬಂತು. ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ 1903ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ ಎಂದು ತಿಳಿಸಿದೆ. ‘ಹೌದಾ ಮಾಮ’ ಎಂದು ಒಂದು ಎಮೋಜಿ ಬಂತು. ಇದಿಷ್ಟಕ್ಕೆ ಯಾರೂ ವಿಮಾನ ಹತ್ತಬೇಕಿಲ್ಲ. ಇಲ್ಲಿಯವರೆಗೆ ಗೆದ್ದವನು ಕಾಂಟೇ.

ಪರದೇಶಕ್ಕೆ ಹೋಗಿಯೂ ತಮ್ಮವರನ್ನೇ ಹುಡುಕಿ ಗುಂಪು ಕಟ್ಟುವ ಫ್ರೆಂಚರನ್ನು ಅವರದೇ ಪ್ರಬಂಧಕಾರ ಮೊಂಟೇನ್ 16ನೇ ಶತಮಾನದಲ್ಲೇ ಗೇಲಿ ಮಾಡಿದ್ದ. 1625ರಲ್ಲಿ ಇಂಗ್ಲಿಷ್ ಲೇಖಕ ಬೇಕನ್ ಕೂಡ, ಸ್ವಂತ ನಾಡಿನವರ ಸಹವಾಸ ಬಿಡಿ, ಒಂದೇ ಊರಿನಲ್ಲಿದ್ದರೂ ಬಿಡಾರ ಬದಲಿಸುತ್ತಿರಿ ಎಂದು ತರುಣರಿಗೆ ಬುದ್ಧಿ ಹೇಳಿದ. ಜೊತೆಗೊಬ್ಬ ಮೇಷ್ಟ್ರನ್ನೋ ಅನುಭವಸ್ಥ ಆಳನ್ನೋ ಕರೆದೊಯ್ಯಬಲ್ಲ ಸಿರಿವಂತರ ಮಕ್ಕಳಿಗೆ ಹೇಳಿದ ಮಾತದು. ಬೆಳಗಿನಿಂದ ಜರ್ಮನ್ ವ್ಯಾಕರಣದ ಜೊತೆ ಗುದ್ದಾಡಿದ ಹುಡುಗಿ ಸಂಜೆ ಮೈಸೂರಿನ ಇನ್ನೊಬ್ಬಳ ರೂಮಿಗೆ ಹೋಗಿ ಪುಳಿಯೋಗರೆ ಗೊಜ್ಜು ಕಲಸಿ ಉಂಡರೆ ನನ್ನದಂತೂ ತಕರಾರಿಲ್ಲ. ಯಾರ ಜೊತೆ ಉಂಡಳು ಎಂಬುದು ಸಣ್ಣ ವಿಷಯ. ಆ ಊರು ಅವಳಿಂದ ಏನನ್ನಾದರೂ ಕೇಳಿತೇ?

ಕೇಳಿತು. ಒಂದು ಸೋಮವಾರ ಬೆಳಿಗ್ಗೆ ಅವಳ ಬಾಗಿಲ ಹಿಡಿಗೆ ಪುಟ್ಟ ಮರದ ಫಲಕವೊಂದು ನೇತಾಡುತ್ತಿತ್ತು. ಗುಡಿಸುವ ಸರದಿ ಬಂತೆಂಬ ಗುರುತು ಅದು; ಈ ಸರದಿಗೆ ಆ ಸೀಮೆಯಲ್ಲಿ ಕೇರ್‌ವೋಖೆ ಎನ್ನುತ್ತಾರೆ. ಹಲವು ಬಾಡಿಗೆದಾರರಿರುವ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು, ಮುಂದಿನ ಹಾದಿ ಗುಡಿಸಿ ಒರೆಸಬೇಕು. ಮುಗಿಸಿದವರು ಫಲಕವನ್ನು ಪಕ್ಕದ ಬಾಗಿಲಿಗೆ ತಗುಲಿಹಾಕುತ್ತಾರೆ. 1477ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಸ್ಥಾಪಿಸಿದ ಎಬರ್‌ಹಾರ್ಡನ ಆಳ್ವಿಕೆಯಲ್ಲೇ, 1492ರಲ್ಲಿ, ಸ್ಟುಟ್‌ಗಾರ್ಟಿನವರು ವಾರವಾರವೂ ತಂತಮ್ಮ ಕೊಳಕನ್ನು ತಾವೇ ಸಾಗಿಸಬೇಕೆಂಬ ಕಟ್ಟಳೆ ಬಂದಿತ್ತು. ವಿದ್ಯೆಗೂ ಪೊರಕೆಗೂ ಒಬ್ಬನೇ ದೊರೆ!

ಗುಡಿಸಿದಳು. ಕೆಳಗಿನ ಮನೆಯ ಅಜ್ಜಿ ಬಂದು ಶಭಾಷ್ ಎನ್ನಲಿಲ್ಲ. ಮೆಟ್ಟಿಲ ಮೂಲೆಗೆ ಬೆರಳಾಡಿಸಿ, ಅಂಟಿದ ಧೂಳನ್ನು ತೋರಿಸಿ, ಒಳಗೆ ಹೋದರು. ಮತ್ತೆ ಗುಡಿಸಿದಳು. ಸುದ್ದಿ ಕೇಳಿದ ಅಕ್ಕ ‘ಓದೋಕೆ ಕಳ್ಸಿದ್ದೋ, ಕಸ ಗುಡಿಸೋಕೋ?’ ಎಂದು ರೇಗಿದಳು.

ನನ್ನ ವಾದ ನಿಂತಿರುವುದು ಆ ಬೆರಳಿನ ಮೇಲೆ. ಅತಿಥಿಯ ತಪ್ಪನ್ನು ಯಾರೂ ಎತ್ತಿ ಆಡುವುದಿಲ್ಲ. ಬೇಕರಿಯಲ್ಲಿ ಅವಳ ಅರೆಬರೆ ಜರ್ಮನ್ ಕೇಳಿ ಎಲ್ಲರೂ ಮೆಚ್ಚುತ್ತಿದ್ದರು. ಇವತ್ತು ಬಂದವಳು, ನಾಳೆ ಹೋಗುವವಳು. ಅಂಥ ಮೆಚ್ಚುಗೆ ಮನುಷ್ಯನನ್ನು ಹೊಸಿಲಿನಾಚೆಯೇ ನಿಲ್ಲಿಸಿ ಉಪಚರಿಸುತ್ತದೆ. ಅಜ್ಜಿಯ ಆಕ್ಷೇಪ ಅವಳನ್ನು ಆ ಮನೆಯ ಲೆಕ್ಕಕ್ಕೆ ಸೇರಿಸಿಕೊಂಡಿತು. ಊರನ್ನು ನೋಡಲು ಕಣ್ಣು ಸಾಕು, ಫೋನೂ ಸಾಕು. ಊರಿನ ಲೆಕ್ಕಕ್ಕೆ ಸೇರಬೇಕಾದರೆ ಖುದ್ದಾಗಿ ಅಲ್ಲಿರಬೇಕು. ಭೂಗೋಳ ಅಷ್ಟು ಬಲ್ಲ ಕಾಂಟ್‌ಗೆ ಪರದೇಶದ ಒಂದು ಮೆಟ್ಟಿಲೂ ಪಾಲಿಗೆ ಬರಲಿಲ್ಲ.

ಒಂದು ಬೇಸಿಗೆಯ ಸರದಿ ನಾಟಕವಲ್ಲವೇ ಎಂದು ಯಾರಾದರೂ ಕೇಳಿದರೆ ಅರ್ಧ ಒಪ್ಪುತ್ತೇನೆ. 1961ರ ಕಾರ್ಮಿಕ ಒಪ್ಪಂದದ ಮೇಲೆ ಟರ್ಕಿಯಿಂದ ಬಂದು ಅದೇ ದೇಶದಲ್ಲಿ ದುಡಿದವರ ಬೆವರನ್ನು ಯಾರೂ ಅನುಭವವೆಂದು ಕರೆದು ಸರ್ಟಿಫಿಕೇಟು ಕೊಡಲಿಲ್ಲ. ವಾಪಸ್ ಟಿಕೆಟ್ ಇದ್ದವಳ ಕೈಯಲ್ಲಿ ಪೊರಕೆ ಹಗುರ. ಆದರೆ ಹಗುರವಾದರೂ ಅದು ಪೊರಕೆಯೇ. ಮೂಲೆಯ ಧೂಳು ವೀಸಾ ನೋಡಿ ಕೂರುವುದಿಲ್ಲ.

ಪ್ರವಾಸ ಸ್ವಭಾವವನ್ನು ತಿದ್ದುತ್ತದೆ ಎಂಬ ನಂಬಿಕೆ ಮಾತ್ರ ನನಗಿಲ್ಲ. ವಾಪಸಾದ ಮೇಲೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಅವಳು ಪೊರಕೆ ಮುಟ್ಟಿಲ್ಲ. ಇಲ್ಲಿ ಬಾಗಿಲಿಗೆ ಫಲಕ ಬರುವುದಿಲ್ಲ, ಲಕ್ಷ್ಮಮ್ಮ ಬರುತ್ತಾರೆ. ಅಲ್ಲಿ ಅವಳಿಂದ ಕೆಲಸ ತೆಗೆಸಿದ್ದು ಆ ಕಟ್ಟಡದ ಏರ್ಪಾಟು. ಅದು ಸೂಟ್‌ಕೇಸಿನಲ್ಲಿ ಬರುವಂಥದ್ದಲ್ಲ. ಬಂದದ್ದು ಇನ್ನೊಂದು: ಕೆಲಸವನ್ನು ಬೇರೆ ಥರವೂ ಹಂಚಬಹುದು ಎಂಬ ತಿಳಿವು. ‘ನಮ್ಮಲ್ಲೂ ಮೆಟ್ಟಿಲಿಗೆ ಸರದಿ ಹಾಕಿದ್ರೆ ಏನಮ್ಮ?’ ಎಂದು ಊಟಕ್ಕೆ ಕೂತಾಗ ಕೇಳಿದಳು. ‘ಹಾಕು. ಲಕ್ಷ್ಮಮ್ಮನ ಸಂಬಳ ಹೋಗುತ್ತಲ್ಲ, ಅದನ್ನ ತಿಂಗಳಾ ತಿಂಗಳಾ ನೀನೇ ಕೊಡು’ ಅಂದಳು ಅಕ್ಕ. ಅಕ್ಕನ ಮಾತಿನಲ್ಲಿ ನ್ಯಾಯವೂ ಇದೆ, ನುಣುಚಿಕೊಳ್ಳುವ ಜಾಣತನವೂ ಇದೆ. ಯಾವುದು ಎಷ್ಟು ಎಂದು ತಾಯಿ ಮಗಳು ಇನ್ನೂ ಜಗಳವಾಡುತ್ತಿದ್ದಾರೆ.