ಬೇಡ ಎನ್ನುವ ಮನೆ

ಬಂದವರಿಗೆ ಇಲ್ಲ ಎನ್ನದ ಮನೆ ಎನ್ನಿಸಿಕೊಳ್ಳುವುದು ಮಲೆನಾಡಿನಲ್ಲಿ ದೊಡ್ಡ ಮರ್ಯಾದೆ. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಟ್ಟಿದರೆ ಗುರುತಿಲ್ಲದವರೂ ಜಗಲಿ ಹತ್ತಬಹುದಿತ್ತು. ಯಾರು, ಯಾವೂರು ಎಂದು ಕೇಳುವುದು ಕಾಲಿಗೆ ನೀರು ಕೊಟ್ಟು, ಕಾಫಿ ಕುಡಿಸಿದ ಮೇಲೆ. ಅದೇ ಸೀಮೆಯಲ್ಲಿ, ಮೂಡಿಗೆರೆ ಕಡೆಯ ಕಾಡಂಚಿನ ತೋಟದೊಳಗೆ ಹೋಂಸ್ಟೇ ನಡೆಸುವ ನನ್ನ ಪರಿಚಯದ ಗಂಡ ಹೆಂಡತಿ ಈಗ ದಿನವಿಡೀ ‘ಬೇಡ’ ಎನ್ನುತ್ತಲೇ ಇರುತ್ತಾರೆ.

ಬೆಳಕು ಹರಿಯುವ ಮೊದಲೇ ಆ ಮನೆ ಎದ್ದಿರುತ್ತದೆ. ಯಜಮಾನರು ಬಚ್ಚಲೊಲೆಗೆ ಸೌದೆ ತುರುಕಿ ಹಂಡೆ ನೀರು ಕಾಯಿಸುತ್ತಾರೆ. ಯಜಮಾನಿ ಅಕ್ಕಿತರಿ ಬೇಯಿಸಿ, ಬಿಸಿ ಆರುವ ಮೊದಲೇ ಕೈ ಒದ್ದೆ ಮಾಡಿಕೊಂಡು ಕಡುಬಿನ ಉಂಡೆ ಕಟ್ಟುತ್ತಾರೆ. ಹಳ್ಳದ ಕಡೆಯಿಂದ ಮಲಬಾರ್ ವಿಸ್ಲಿಂಗ್ ಥ್ರಶ್ ಹಕ್ಕಿಯ ಸಿಳ್ಳೆ. ಕೆಲಸವಿಲ್ಲದ ಹುಡುಗನೊಬ್ಬ ರಾಗ ಮರೆತು ಮರೆತು ಹಾಡಿದ ಹಾಗೆ. ಬೆಂಗಳೂರಿನಿಂದ ಬಂದ ಮಕ್ಕಳು ಅದಕ್ಕೇ ಎಚ್ಚರಗೊಂಡು ಅಂಗಳಕ್ಕೆ ಬರುತ್ತಾರೆ. ಅಲ್ಲಿಂದ ಶುರು.

‘ಆಂಟಿ, ಆ ಕೋತಿಗೆ ಬಾಳೆಹಣ್ಣು ಕೊಡ್ಲಾ?’

‘ಬೇಡ ಪುಟ್ಟಿ. ಇವತ್ತು ನೀನು ಕೊಟ್ರೆ ನಾಳೆ ಅದು ನನ್ನ ಅಡುಗೆಮನೆಗೇ ಬರುತ್ತೆ.’

ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು. ಕಷ್ಟ ಅಪ್ಪಂದಿರದು. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಒಂದು ಸುತ್ತು ಹೋಗಿಬರೋಣವೇ, ಸ್ಪೀಕರ್ ಹಾಕೋಣವೇ, ಅಂಗಳಕ್ಕೆ ಇನ್ನೊಂದು ದೊಡ್ಡ ಲೈಟು ಯಾಕಿಲ್ಲ? ಕಾಫಿ ಗಿಡಗಳ ಮಧ್ಯೆ ಆನೆ ನಿಂತಿದ್ದರೆ ರಾತ್ರಿ ಹತ್ತಿರಕ್ಕೆ ಹೋಗುವವರೆಗೂ ಗೊತ್ತಾಗುವುದಿಲ್ಲ ಎಂದು ಯಜಮಾನರು ಮೆಲ್ಲಗೆ ವಿವರಿಸುತ್ತಾರೆ. ‘ದುಡ್ಡು ಕೊಟ್ಟಿದ್ದೀವಲ್ರೀ’ ಎಂಬ ಮಾತು ಬಂದರೆ ಮಾತ್ರ ಹಂಡೆ ನೋಡುವ ನೆವದಲ್ಲಿ ಬಚ್ಚಲ ಕಡೆ ಜಾರುತ್ತಾರೆ. ‘ರೀ, ಎಲ್ಲಿ ಹೋದ್ರಿ?’ ಎನ್ನುತ್ತಾ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬರುವವರು ಯಜಮಾನಿ. ಬುಕಿಂಗ್ ತೆಗೆದುಕೊಳ್ಳುವುದು ಅವರು, ಬೇಡ ಎನ್ನುವುದು ಇವರು. ಆ ಸಂಸಾರದ ಒಪ್ಪಂದ ಹಾಗಿದೆ.

ದುಡ್ಡು ತೆಗೆದುಕೊಂಡ ಮಾತ್ರಕ್ಕೆ ಆತಿಥ್ಯ ಸುಳ್ಳಾಗುತ್ತದೆ ಎಂದು ನನಗೆ ಅನ್ನಿಸಿಲ್ಲ. ಕಾಫಿ ರೇಟು ಏರಿಳಿಯುವ, ಮಳೆ ಕೈಕೊಡುವ ಕಾಲದಲ್ಲಿ ಮನೆ ನಡೆಯಬೇಕಲ್ಲ. ಆದರೆ ಅವರು ಬಾಡಿಗೆಗೆ ಕೊಟ್ಟಿರುವುದು ಎರಡು ಕೋಣೆ, ಒಂದು ಜಗಲಿ. ಕಾಡು ಅವರದಲ್ಲ, ಬಾಡಿಗೆಗೆ ಕೊಡಲು.

ಹೀಗೆ ಬೇಡ ಎನ್ನುವುದನ್ನು ಇನ್ನೂ ದೂರ ಒಯ್ದ ದಂಪತಿ ಕೊಡಗಿನಲ್ಲಿದ್ದರು. ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ 1991ರಲ್ಲಿ ಬ್ರಹ್ಮಗಿರಿಯ ಮಗ್ಗುಲಲ್ಲಿ 55 ಎಕರೆ ಕೊಂಡರು. ಸುತ್ತ ಎಲ್ಲರೂ ಕಾಫಿ, ಏಲಕ್ಕಿ ಎನ್ನುವಾಗ ಇವರು ನೆಲದ ಬಹುಪಾಲನ್ನು ಕಾಡಿಗೇ ಬಿಟ್ಟರು. ಪಕ್ಕದ ಜಮೀನು ಸೇರುತ್ತಾ ಅದು ಸುಮಾರು 300 ಎಕರೆಯ ಸಾಯ್ ಸ್ಯಾಂಕ್ಚುರಿ ಆಯಿತು. ಅಷ್ಟು ದೊಡ್ಡ ‘ಬೇಡ’ ಎಲ್ಲರ ಕೈಗೂ ಎಟಕುವುದಿಲ್ಲ, ಎಲ್ಲರಿಂದಲೂ ಅದನ್ನು ಕೇಳುವುದು ನ್ಯಾಯವೂ ಅಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬೇಡ ಎಂದದ್ದಕ್ಕೇ ಗೊಣಗಾಟ ಇನ್ನೂ ನಿಂತಿಲ್ಲ.

ನಮ್ಮ ಯಜಮಾನಿಯ ಬೇಡಗಳು ಚಿಕ್ಕವು. ಮೇ ಕೊನೆಗೆ, ಮೊದಲ ಮಳೆಗಳು ಬಿದ್ದ ಮೇಲೆ, ಊಟ ಮುಗಿದ ಕೂಡಲೇ ಅಂಗಳದ ದೀಪವನ್ನೂ ಆರಿಸಿಬಿಡುತ್ತಾರೆ. ಒಮ್ಮೆ ಪುಟ್ಟ ಹುಡುಗನೊಬ್ಬ ಕತ್ತಲಿಗೆ ಹೆದರಿ ಅಳತೊಡಗಿದ. ‘ಹಾಕ್ರೀ ಲೈಟು’ ಎಂದು ಅವನಮ್ಮ ರೇಗಿದರು. ಯಜಮಾನಿ ದೀಪ ಹಾಕಲಿಲ್ಲ. ಹುಡುಗನನ್ನು ಸೊಂಟಕ್ಕೆ ಏರಿಸಿಕೊಂಡು ಮೆಟ್ಟಿಲ ಮೇಲೆ ನಿಂತರು. ಕಣ್ಣು ಕತ್ತಲಿಗೆ ಹೊಂದುವುದಕ್ಕೆ ಸ್ವಲ್ಪ ಹೊತ್ತು ಬೇಕು. ಆಮೇಲೆ ಎದುರಿನ ಹಲಸಿನ ಮರದಲ್ಲಿ ಒಂದು ಮಿಂಚುಹುಳ, ಅದರ ಹಿಂದೆ ಇನ್ನೊಂದು, ನೋಡನೋಡುತ್ತ ಮರವೇ ಮಿಣಮಿಣ ಎಂದಿತು. ಹುಡುಗನ ಮೂಗು ಇನ್ನೂ ಸೋರುತ್ತಿತ್ತು, ಕೈ ಮಾತ್ರ ಮರದ ಕಡೆ ಚಾಚಿತ್ತು. ದೀಪ ಉರಿಯುತ್ತಿದ್ದರೆ ಹುಳಗಳೇನೋ ಅಲ್ಲೇ ಇರುತ್ತಿದ್ದವು, ಕಾಣುತ್ತಿರಲಿಲ್ಲ ಅಷ್ಟೆ.

ಬೇಸರಪಟ್ಟು ಮತ್ತೆ ಬಾರದವರೂ ಉಂಟು. ಯಜಮಾನರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ, ಯಜಮಾನಿ ಇಲ್ಲ. ಮೊನ್ನೆ ಯಜಮಾನರು ತೋಟದಲ್ಲಿದ್ದಾಗ ಯಾರೋ ಫೋನ್ ಮಾಡಿ, ಮಕ್ಕಳನ್ನು ಕರೆದುಕೊಂಡು ಬರುತ್ತೇವೆ, ಆನೆ ಕಾಣಿಸುವುದು ಗ್ಯಾರಂಟಿಯೇ ಎಂದು ಕೇಳಿದರಂತೆ.

‘ಆನೆ ವಿಷ್ಯ ನಾನು ಹೇಳಕ್ಕಾಗಲ್ಲ ಸರ್. ಕಡುಬಂತೂ ಗ್ಯಾರಂಟಿ. ಮಕ್ಕಳಿಗೆ ಚಟ್ನಿ ಖಾರ ಕಮ್ಮಿ ಮಾಡ್ಬೇಕಾ?’